ಸ್ಯಾಂಪಲ್ ಅಂಗಿಯ ಒಂದು ನಿಮಿಷ

ಗಾರ್ಮೆಂಟ್ಸ್ ಕಂಪನಿಯೊಂದರ ಸ್ಯಾಂಪಲ್ ಕೋಣೆಯಲ್ಲಿ ನೀಲಿ ಅಂಗಿಯೊಂದು ಹುಟ್ಟಿತು. ತಾನು ಪಾಸಾದರೆ ತನ್ನಂಥವೇ ಹತ್ತು ಸಾವಿರ ಅಂಗಿ ಹೊಲಿಯುತ್ತಾರೆಂದು ಕೇಳಿದ್ದೇ ತಡ, ಅದರ ಸಂಭ್ರಮ ಹೇಳತೀರದು.

ಕಾಲರಿನಲ್ಲಿದ್ದ ಗುಂಡುಸೂಜಿ ಎಚ್ಚರಿಸಿತು: "ತಮ್ಮಾ, ನಿನ್ನ ಕಂಕುಳು ಬಿಗಿಯಾಗಿದೆ. ನಿನ್ನನ್ನು ತೊಟ್ಟು ನೋಡುವವನಿಗೆ ಅಲ್ಲಿ ಬಿಗಿಯಾಗಿ ಹಿಡಿದು ತೋರಿಸು. ಟೈಲರ್ ಮಾಸ್ಟರು ನನ್ನಿಂದ ಗುರುತು ಮಾಡಿ, ಹೊಲಿಗೆ ಬಿಚ್ಚಿ ಸರಿಮಾಡುತ್ತಾರೆ."

"ಬಿಚ್ಚುವುದೇ? ನಾನು ಇವತ್ತೇ ಪಾಸಾಗಬೇಕು, ಅಕ್ಕಾ!"

ಅಷ್ಟರಲ್ಲಿ ಮಸ್ತಾನ್ ಮಾಸ್ಟರು ಅಂಗಿಯನ್ನು ಅಳತೆ ನೋಡಲು ಒಬ್ಬ ಹುಡುಗನಿಗೆ ತೊಡಿಸಿದರು. "ಕೈ ಎತ್ತಪ್ಪಾ. ಎಲ್ಲಾದರೂ ಹಿಡಿಯುತ್ತಾ?"

ಅಂಗಿ ಉಸಿರು ಬಿಗಿಹಿಡಿದು ಒಂದೊಂದು ನೂಲನ್ನೂ ಹಿಗ್ಗಿಸಿತು.

"ಇಲ್ಲ ಮಾಸ್ಟ್ರೇ, ಆರಾಮಾಗಿದೆ."

ಮಾಸ್ಟರು ಪಾಸಾಯಿತೆಂದು ಚೀಟಿಗೆ ಸಹಿ ಹಾಕಿ, ಅದೇ ಗುಂಡುಸೂಜಿಯಿಂದ ಅಂಗಿಯ ಎದೆಗೆ ಚುಚ್ಚಿ, ಎಲ್ಲರೂ ನೋಡಿ ಹೊಲಿಯಲೆಂದು ಮಷೀನುಗಳ ಮೇಲಿನ ಕೊಕ್ಕೆಗೆ ತೂಗುಹಾಕಿದರು. ಮಷೀನುಗಳೆಲ್ಲ ಒಟ್ಟಿಗೇ ಗರ್ರೆಂದವು.

"ನೋಡಕ್ಕಾ, ಎಲ್ಲ ನನ್ನ ಪಡಿಯಚ್ಚು!" ಅಂಗಿ ಕೊಕ್ಕೆಯಲ್ಲೇ ಕುಣಿಯಿತು.

"ಹೌದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ," ಎಂದಿತು ಸೂಜಿ.

ಹೊಲಿದು ಮುಗಿದ ಮೊದಲ ಅಂಗಿಯನ್ನು ತಂದು ಹೋಲಿಸಿ ನೋಡಲು ಪಕ್ಕದಲ್ಲೇ ನೇತುಹಾಕಿದರು. ಅದು ಮೆಲ್ಲಗೆ ಕೇಳಿತು: "ಅಣ್ಣಾ, ಕಂಕುಳು ತುಂಬಾ ಬಿಗಿ. ನೀನು ಹೇಗೆ ತಡೆದುಕೊಂಡೆ?"

ಅಂಗಿಯ ಕುಣಿತ ನಿಂತಿತು.

"ನಾನು ತಡೆದುಕೊಂಡದ್ದು ಒಂದೇ ನಿಮಿಷ, ತಮ್ಮಾ."