ಬಿಚ್ಚದೆ ಉಳಿದ ಕಟ್ಟು

"ಅಮ್ಮಾ, ಕಟ್ಟು ಬಿಚ್ಚಿಸಿಕೊಳ್ಳಲು ಬಾರದವನು ಗುಣವಾದನೆಂದೇ ಅರ್ಥವಲ್ಲವೇ?"

ಮೂಳೆ ಕಟ್ಟುವ ಗುರುವಮ್ಮನನ್ನು ಶಿಷ್ಯ ಹೀಗೆ ಕೇಳಿದ. ಅಳಿವೆಯಲ್ಲಿ ಲಾಂಚು ಮಗುಚಿದಾಗ ಗಾಯಗೊಂಡವರಿಗೆ ಅವನೂ ತನ್ನ ಕೈಯಾರೆ ಕಟ್ಟು ಕಟ್ಟಿದ್ದ. ಎಲ್ಲರೂ ಬಂದು ಬಿಚ್ಚಿಸಿಕೊಂಡು ಹೋಗಿದ್ದರು. ಒಬ್ಬ ಮಾತ್ರ ಬಂದಿರಲಿಲ್ಲ.

ಗುರುವಮ್ಮ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕೂತುಕೋ ಮಗಾ, ಒಂದು ಕತೆ ಇದೆ" ಎಂದಳು.

ಹೊಳೆಯ ದಡದಲ್ಲಿ ಒಬ್ಬ ವೈದ್ಯನಿದ್ದ. ಮೂಳೆ ಕೂಡಿಸುವುದರಲ್ಲಿ ಅವನ ಕೈಗೆ ಸಾಟಿಯಿರಲಿಲ್ಲ. ಅವನ ಮನೆತನಕ್ಕೆ ಒಂದು ಕಟ್ಟುಪಾಡಿತ್ತು: ವೀಳ್ಯ ಕೊಟ್ಟು ಕರೆಯದೆ ರೋಗಿಯ ಹೊಸಿಲು ತುಳಿಯಬಾರದು. ಕರೆಯದೆ ಬಂದ ವೈದ್ಯನ ಬೆನ್ನಿಗೇ ಹೊಸ ರೋಗವೂ ಬರುತ್ತದೆ ಎಂದು ಹಿರಿಯರು ಹೇಳಿಟ್ಟಿದ್ದರು.

ಒಂದು ದಿನ ಜನ ತುಂಬಿದ ಹಡಗು ಅಳಿವೆಯ ಬಾಯಲ್ಲಿ ಬಂಡೆಗೆ ಬಡಿದು ಒಡೆಯಿತು. ಬದುಕಿದವರನ್ನು ವೈದ್ಯನ ಅಂಗಳಕ್ಕೆ ಹೊತ್ತು ತಂದರು. ಅವರಲ್ಲಿ ಓಲೆಯ ಚಾಪೆ ಹೆಣೆದು ಬದುಕುವ ಹೆಂಗಸೊಬ್ಬಳಿದ್ದಳು. ಅವಳ ಗಂಡ ನೀರಿನಲ್ಲೇ ಉಳಿದ. ಅವಳ ಬಲಗೈ ಮುರಿದಿತ್ತು. ವೈದ್ಯ ಮೂಳೆ ಕೂಡಿಸಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆಯಿಟ್ಟು ಬಿಗಿದ.

"ಹುಣ್ಣಿಮೆಗೆ ಬಾ ತಾಯಿ. ಕಟ್ಟನ್ನು ನಾನೇ ಬಿಚ್ಚಬೇಕು, ಬೇರೆಯವರು ಮುಟ್ಟಬಾರದು. ಆಮೇಲೆ ಎಣ್ಣೆ ಹಾಕಿ ಬೆರಳು ಪಳಗಿಸಬೇಕು" ಎಂದ.

ಅವಳು ಅರೆ ಎಚ್ಚರದಲ್ಲೇ ತಲೆಯಾಡಿಸಿದಳು. ದೋಣಿಯಲ್ಲಿ ಮಲಗಿಸಿ ಮನೆಗೆ ಒಯ್ದರು. ಅವಳ ಮನೆ ಹೊಳೆಯ ನಡುವಿನ ಕುದುರಿನಲ್ಲಿತ್ತು. ಸುತ್ತಲೂ ನೀರು.

ಹುಣ್ಣಿಮೆ ಬಂತು. ಉಳಿದವರೆಲ್ಲ ಬಂದರು, ಅವಳು ಬರಲಿಲ್ಲ.

ವೈದ್ಯನ ಹೆಂಡತಿ ಕೇಳಿದಳು, "ಆ ಚಾಪೆಯವಳು ಬರಲೇ ಇಲ್ಲವಲ್ಲ?"

"ನೋವಿದ್ದರೆ ಬರುತ್ತಿರಲಿಲ್ಲವೇ? ಬಾರದವಳು ಗುಣವಾದಳು ಎಂದೇ ತಿಳಿ."

"ಹೌದೌದು. ಸತ್ತವರೂ ಬರುವುದಿಲ್ಲ. ಅವರೂ ಗುಣವಾದರೋ?"

ವೈದ್ಯನಿಗೆ ಸಿಟ್ಟು ಬಂತು. "ವೀಳ್ಯ ಬಂದಿದೆಯೇನೇ, ನಾನು ಹೋಗಲು?" ಎಂದು ಎದ್ದು ಹೋದ.

ಮಳೆಗಾಲ ಬಂದು ಹೋಯಿತು. ಒಮ್ಮೆ ಹೊಳೆ ದಾಟಿಸುವ ಕಡವಿನ ದೋಣಿಯವನು ಕಾಲು ಉಳುಕಿಸಿಕೊಂಡು ವೈದ್ಯನ ಬಳಿಗೆ ಬಂದ. ಕಾಲು ನೀವಿಸಿಕೊಳ್ಳುತ್ತ ಹೇಳಿದ:

"ಆ ಚಾಪೆಯವಳು ಪ್ರತಿ ಹುಣ್ಣಿಮೆಗೂ ಒಗೆದ ಸೀರೆಯುಟ್ಟು ಕಡವಿಗೆ ಬರುತ್ತಾಳೆ. ದೋಣಿಯಲ್ಲಿ ಒಂದು ಕಾಲು ಇಡುತ್ತಾಳೆ. ದೋಣಿ ಅಲುಗುತ್ತದೆ. ಇಟ್ಟ ಕಾಲನ್ನು ಹಿಂದಕ್ಕೆಳೆದು ತಿರುಗಿ ಹೋಗುತ್ತಾಳೆ. ಹಾಗಾದರೆ ವೈದ್ಯರಿಗೆ ವೀಳ್ಯವನ್ನಾದರೂ ಕಳಿಸೇ ಎಂದೆ. 'ಬಾ ಎಂದವರು ಅವರು. ನನ್ನ ಅಂಜಿಕೆಗೆ ಅವರನ್ನು ಕರೆಸಿಕೊಳ್ಳಲೇ ಅಣ್ಣಾ?' ಎಂದಳು."

ವೈದ್ಯ ವೀಳ್ಯಕ್ಕೆ ಕಾಯಲಿಲ್ಲ. ಅದೇ ದೋಣಿಯಲ್ಲಿ ಕುದುರಿಗೆ ಹೋದ.

ಕಟ್ಟು ಹಾಗೇ ಇತ್ತು. ಬಟ್ಟೆ ಕಪ್ಪಾಗಿತ್ತು, ಗಂಟು ಮಾತ್ರ ಅವನು ಹಾಕಿದ ಗಂಟೇ. ಬಿಚ್ಚಿದ. ಮೂಳೆ ನೆಟ್ಟಗೆ ಕೂಡಿತ್ತು. ಆದರೆ ಬೆರಳುಗಳು ಒಣಗಿದ ಓಲೆಯ ಹಾಗೆ ಒಳಕ್ಕೆ ಸುರುಟಿದ್ದವು.

"ಇಷ್ಟು ದಿನ ಯಾರ ಕೈಯಲ್ಲಾದರೂ ಬಿಚ್ಚಿಸಬಾರದಿತ್ತೇ ತಾಯಿ?"

"ಬೇರೆಯವರು ಮುಟ್ಟಬಾರದು ಎಂದಿದ್ದಿರಲ್ಲ, ಸ್ವಾಮಿ. ಮುಟ್ಟಗೊಡಲಿಲ್ಲ." ಮೂಲೆಯಲ್ಲಿ ಅರ್ಧ ಹೆಣೆದ ಚಾಪೆಯಿತ್ತು. ಅದರ ಕಡೆ ನೋಡಿ ಕೇಳಿದಳು, "ನೀವು ಬಂದಿರಲ್ಲ. ಇನ್ನು ಓಲೆ ಹಿಡಿಯಬಹುದೇ?"

ವೈದ್ಯ ಅವಳ ಎದುರು ಕೂತ. ಆ ಕೈಯನ್ನು ಮಡಿಲಿಗೆ ಎಳೆದುಕೊಂಡು ಎಣ್ಣೆ ತಿಕ್ಕತೊಡಗಿದ. ಮರುದಿನವೂ ಹೋದ. ಬದುಕಿರುವ ತನಕ ಹೋಗುತ್ತಲೇ ಇದ್ದ. ಅವನ ಬೆನ್ನಿಗೆ ಯಾವ ಹೊಸ ರೋಗವೂ ಬರಲಿಲ್ಲ. ಹಳೆಯದೂ ಹೋಗಲಿಲ್ಲ. ಬೆರಳು ಬಿಚ್ಚಿಕೊಳ್ಳಲಿಲ್ಲ. ಆ ಚಾಪೆ ಅರ್ಧಕ್ಕೇ ಉಳಿಯಿತು.

ಗುರುವಮ್ಮ ಕತೆ ನಿಲ್ಲಿಸಿದಳು. ಶಿಷ್ಯ ಕೇಳಿದ, "ಆದರೂ ಅಮ್ಮಾ, ಅವಳು ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ?"

ಗುರುವಮ್ಮ ಎಣ್ಣೆಯ ಕುಡಿಕೆಯನ್ನು ಅವನ ಮುಂದೆ ಸರಿಸಿದಳು.

"ನಿನ್ನ ಆ ಒಬ್ಬ, ನಿನ್ನ ತನಕ ಬರಲು ಯಾವ ನೀರು ದಾಟಬೇಕು, ಮಗಾ?"