ತೊಳೀಬ್ಯಾಡ ದಿಬ್ಬ

ಮಲಪ್ರಭೆಯ ದಂಡೆಯ ಹೊಳೆಕುಂದೂರಿಗೆ ಮೊದಲ ಸಲ ಬಸ್ಸಿನಲ್ಲಿ ಹೋಗುವವರು, ಊರು ಇನ್ನೇನು ಬಂತು ಎನ್ನುವಾಗ ಕಂಡಕ್ಟರ್ "ತೊಳೀಬ್ಯಾಡ, ಯಾರ್ರಿ ತೊಳೀಬ್ಯಾಡ?" ಎಂದು ಕೂಗಿದ್ದನ್ನು ಕೇಳಿ ಒಮ್ಮೆ ತಮ್ಮ ಕೈಕಾಲು ನೋಡಿಕೊಳ್ಳುತ್ತಾರೆ. ಅದು ಒಂದು ನಿಲ್ದಾಣದ ಹೆಸರು. ಇಳಿದು ನೋಡಿದರೆ ಆಳೆತ್ತರವೂ ಇಲ್ಲದ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಒಂದಿಷ್ಟು ಗರಿಕೆ, ಅಷ್ಟೇ. ಗುಡಿಯಿಲ್ಲ, ಗೋರಿಯಿಲ್ಲ, ಕುಂಕುಮ ಹಚ್ಚಿದ ಕಲ್ಲೂ ಇಲ್ಲ. ಆದರೆ ಸ್ವಲ್ಪ ಹೊತ್ತು ನಿಂತರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ನಲ್ಲಿಯಿಂದ ನೀರು ಹೊತ್ತು ಬರುವ ಹೆಂಗಸರು ದಿಬ್ಬದ ಹತ್ತಿರ ಬಂದೊಡನೆ ಕೊಡದ ಬಾಯಿಗೆ ಅಂಗೈ ಮುಚ್ಚಿಕೊಳ್ಳುತ್ತಾರೆ. ಒಂದು ಹನಿಯೂ ತುಳುಕದಂತೆ ಬಳಸಿಕೊಂಡು ಹೋಗಿ, ದಾಟಿದ ಮೇಲೆ ಕೈ ತೆಗೆಯುತ್ತಾರೆ. ಇದಕ್ಕೆ ತಲೆಗೊಂದು ವ್ಯಾಖ್ಯಾನವುಂಟು. ಅಭಿಷೇಕ ಒಲ್ಲದ ಅವಧೂತನೊಬ್ಬ ಒಳಗೆ ಕುಳಿತಿದ್ದಾನೆ ಎನ್ನುವವರಿದ್ದಾರೆ. ಪೇಟೆಯಿಂದ ಬಂದ ಪಂಡಿತರೊಬ್ಬರು ಇದು ಯಾವುದೋ ಹಳೆಯ ಅಗ್ರಹಾರದ ಹೆಸರಿನ ಅಪಭ್ರಂಶವೆಂದು ಹೇಳಿ, ಚಹಾ ಕುಡಿದು ಹೋದರಂತೆ. ಊರಿನ ಹಿರಿಯ ಹೆಂಗಸರು ಎರಡಕ್ಕೂ ಹೂಂ ಎನ್ನುತ್ತಾರೆ. ನಿಜ ಹೇಳುವುದಕ್ಕಿಂತ ಹೂಂ ಎನ್ನುವುದು ಸುಲಭ.

ನಿಜವೆಂದು ಅವರು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದು ಹೀಗೆ. ಹಿಂದೆ ಒಮ್ಮೆ, ಕಂಪನಿಯ ಆಳ್ವಿಕೆ ಹೋಗಿ ರಾಣಿಯ ಆಳ್ವಿಕೆ ಬಂದ ಕಾಲದಲ್ಲಿ, ಈ ಊರಿನ ಗೌಡಕಿ ನೀಲಗಂಗವ್ವನೆಂಬ ವಿಧವೆಯ ಕೈಯಲ್ಲಿತ್ತು. ಗಂಡ ತೀರಿದ್ದ. ಮಗ ಇದ್ದರೂ ಊರವರು ನೋಡುತ್ತಿದ್ದುದು ಅವಳ ಮುಖವನ್ನೇ. ಅವಳ ಕಾಲಕ್ಕೆ ಕೆಲವು ವರ್ಷ ಮುಂಚೆ ಊರ ಹೊರಗಿನ ಕೇರಿಯವರು ಬಾವಿಯ ನೀರಿಗಾಗಿ ಜಗಳವಾಡಿ, ಏಟು ತಿಂದು, ಹಳ್ಳದಾಚೆಯ ಗರಸಿನ ದಿನ್ನೆಗೆ ಹೋಗಿ ನೆಲೆಸಿದ್ದರು. ಏನೂ ಬೆಳೆಯದ ನೆಲ. ಹಾಗಾಗಿ ಯಾರೂ ತಕರಾರು ಮಾಡಲಿಲ್ಲ. ಅಲ್ಲಿ ಅವರು ಪಾದ್ರಿಯೊಬ್ಬನ ಮಾತು ಕೇಳಿ ಕ್ರೈಸ್ತರಾದರು, ಬಂಡೆ ಒಡೆದು ತಮ್ಮದೇ ಬಾವಿ ತೋಡಿದರು, ಒಂದು ಚಿಕ್ಕ ಚರ್ಚು ಕಟ್ಟಿದರು. ಅವರ ಹಿರಿಯ ದುರಗಪ್ಪ ಸಮುವೇಲಪ್ಪನಾದ. ಊರವರಿಗೆ ಮಾತ್ರ ಅವನು ದುರಗ್ಯಾನೇ ಆಗಿ ಉಳಿದ. ಹೆಸರು ಬದಲಿಸಿಕೊಳ್ಳುವುದು ಅವನ ಇಷ್ಟ, ಕರೆಯುವ ಬಾಯಿ ನಮ್ಮದಲ್ಲವೇ ಎಂದು ನೀಲಗಂಗವ್ವ ನಗುತ್ತಿದ್ದಳು.

ಆ ವರ್ಷ ಮಘೆ ಮಳೆಗೆ ಹೊಳೆ ಏರಿತು. ಏರಿದ ನೀರು ಹೊಲವನ್ನು ದಾಟಿ, ಊರಬಾಗಿಲ ಅಗಸಿಯನ್ನು ದಾಟಿ ಗೌಡರ ವಾಡೆಗೇ ಬಂತು. ನೀರು ಇಳಿದಾಗ ಹೊಳೆಕುಂದೂರಿನಲ್ಲಿ ನಿಂತ ಗೋಡೆಯೆಂಬುದು ಇರಲಿಲ್ಲ. ಏನೂ ಬೆಳೆಯದ ಗರಸಿನ ದಿನ್ನೆ ಎತ್ತರದಲ್ಲಿತ್ತು. ಅದರ ಒಂದು ಗುಡಿಸಲೂ ನೆನೆಯಲಿಲ್ಲ. ಊರವರು ಕಣದಲ್ಲಿ ಬಂಡಿಗಳ ಕೆಳಗೆ ಕಂಬಳಿ ಕಟ್ಟಿಕೊಂಡು ಕುಳಿತರು. ನೀಲಗಂಗವ್ವನ ಸೊಸೆ ಬಾಳವ್ವ ದಿನ ತುಂಬಿದ ಬಸುರಿ. ಸುತ್ತಲಿನ ಊರುಗಳೂ ಮುಳುಗಿದ್ದವು, ಕರೆದರೆ ಬಂದು ಗೋಡೆ ಕಟ್ಟುವ ಗೌಂಡಿಯಿರಲಿಲ್ಲ. ಮಗ ಎತ್ತು ಹುಡುಕಿಕೊಂಡು ಹೋದವನು ತಿರುಗಿ ಬರಲು ಇನ್ನೂ ದಿನಗಳಿದ್ದವು. ಇನ್ನೊಂದು ದೊಡ್ಡ ಮಳೆ ಬಂದರೆ ಬಾಳವ್ವ ಬಂಡಿಯ ಕೆಳಗೇ ಹೆರಬೇಕು.

ಆಗ ಯಾರೂ ಕರೆಯದೆ ದಿನ್ನೆಯವರು ಬಂದರು. ಭಾನುವಾರ ಚರ್ಚಿನಲ್ಲಿ ಮಾತಾಯಿತಂತೆ, ಸೋಮವಾರ ಸಲಿಕೆ ಹಿಡಿದು ಹಳ್ಳ ದಾಟಿದರಂತೆ. ಗಂಡಸರು ಮಣ್ಣು ಅಗೆದರು, ಹೆಂಗಸರು ಹೊಟ್ಟು ಬೆರೆಸಿ ತುಳಿದರು. ತುಳಿಯುವಾಗ ಹಾಡುತ್ತಿದ್ದುದು ಯೇಸುವಿನ ಪದಗಳಾದರೂ ಧಾಟಿ ಹಳೆಯ ಬೀಸುವ ಕಲ್ಲಿನದೇ ಆದ್ದರಿಂದ ಊರ ಹೆಂಗಸರೂ ಬಂಡಿಯ ಕೆಳಗಿನಿಂದ ಗುನುಗುತ್ತಿದ್ದರು. ಪಾದ್ರಿಯೂ ಚಲ್ಲಣ ಮಡಿಚಿಕೊಂಡು ಕೆಸರಿಗಿಳಿದು, ಜಾರಿ ಬಿದ್ದು, ಎರಡೂ ಕಡೆಯವರಿಗೆ ಆ ದಿನ ನಗಲು ಒಂದು ಕಾರಣ ಕೊಟ್ಟನಂತೆ. ದಿನ್ನೆಯವರು ಕುಡಿಯುವ ನೀರನ್ನು ತಾವೇ ತರುತ್ತಿದ್ದರು, ಬುತ್ತಿಯನ್ನು ದೂರದ ಬೇವಿನ ಕೆಳಗೆ ಬಿಚ್ಚುತ್ತಿದ್ದರು. ಹಾಗೆ ಮಾಡಿರಿ ಎಂದು ಯಾರೂ ಹೇಳಬೇಕಾಗಲಿಲ್ಲ. ಬೇಡ, ಇಲ್ಲೇ ಕುಳಿತುಕೊಳ್ಳಿರಿ ಎಂದೂ ಯಾರೂ ಹೇಳಲಿಲ್ಲ.

ಗೋಡೆ ಎದ್ದವು. ಹೊಳೆಯ ಕೆಸರಿನಿಂದ ಎಳೆದ ತೊಲೆಗಳನ್ನೇ ಅಡ್ಡ ಹಾಕಿ ಮಾಳಿಗೆಯನ್ನೂ ಮುಚ್ಚಿಕೊಟ್ಟರು. ಆದರೆ ಆ ವರ್ಷ ಬಿಸಿಲು ಕಡಿಮೆ. ಮಣ್ಣು ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿತ್ತು. ಇತ್ತ ಬಂಡಿಗಳ ನಡುವೆ ಬೇರೊಂದು ಮಾತು ಓಡಾಡುತ್ತಿತ್ತು. ಗೋಡೆ ಮುಟ್ಟಿದ ಕೈಗಳು ಯಾರವು? ಒಳಗೆ ದೇವರನ್ನು ಇಡಬೇಕು, ಬಾಣಂತಿ ಮಲಗಬೇಕು. ಗಂಜಳ ಚಿಮುಕಿಸಿದರಾಯಿತು ಎಂದು ಕೆಲವರೆಂದರು. ಮುಟ್ಟಿದ್ದು ಒಂದು ಕೈಯೇ, ಚಿಮುಕಿಸಿದರೆ ಹೋಗಲಿಕ್ಕೆ? ಹರಿಯುವಂತೆ ತೊಳೆಯಬೇಕು ಎಂದು ಉಳಿದವರೆಂದರು. ಎಲ್ಲರೂ ನೀಲಗಂಗವ್ವನ ಮುಖ ನೋಡಿದರು. ಅವಳು, ತೊಳೆಯೋಣ, ಆದರೆ ಅವರೆದುರಿಗೆ ಬೇಡ, ಪಾಪ ದುಡಿದಿದ್ದಾರೆ ಎಂದಳು. ಇದನ್ನು ಅವಳು ದಯೆಯೆಂದೇ ತಿಳಿದಿದ್ದಳು ಎನ್ನುತ್ತಾರೆ.

ದಿನ್ನೆಯವರು ಸಲಿಕೆ ಹೆಗಲಿಗಿಟ್ಟು ಹೊರಟಾಗ ಹಿತ್ತಲಲ್ಲಿ ಹೊಳೆಯ ನೀರು ತುಂಬಿದ ಕೊಡಗಳ ಸಾಲು ಆಗಲೇ ಕಾಯುತ್ತಿತ್ತು. ಸಮುವೇಲಪ್ಪ ಅದನ್ನು ನೋಡಿದ. ನೋಡಿದ್ದನ್ನು ನೀಲಗಂಗವ್ವ ನೋಡಿದಳು. ಅವನು ಕಣ್ಣು ಕೆಳಗೆ ಹಾಕಿ, "ತೊಳೀಬ್ಯಾಡ್ರಿ ಅವ್ವಾರ. ಗ್ವಾಡಿ ಇನ್ನಾ ಹಸಿ ಅದಾವ" ಎಂದ.

"ಏನ್ ತೊಳಿಯೂದೋ ದುರಗ್ಯಾ? ಎಲ್ಲಾ ಹೊಳಿನ ತೊಳಕೊಂಡು ಹೋಗೇತಲ್ಲ" ಎಂದು ಅವಳು ನಕ್ಕಳು.

ಅವನೂ ನಗಬೇಕಾದಷ್ಟು ನಕ್ಕು ಹೋದ. ಅವನ ಬೆನ್ನು ಹಳ್ಳದ ಏರಿಯಲ್ಲಿ ಮರೆಯಾದೊಡನೆ ಕೊಡಗಳು ಎದ್ದವು. ಗೌಡರ ವಾಡೆಗೆ ಮೊದಲು ಸುರಿದರು, ಅದನ್ನು ನೋಡಿ ಉಳಿದ ಮನೆಯವರೂ ಸುರಿದರು. ಮಾಳಿಗೆಯಿಂದ ಬುಡದವರೆಗೆ ನೀರು ಹರಿಯಿತು. ಎಲ್ಲರೂ ಅಂಗಳಕ್ಕೆ ಬಂದು, ರಂಗೋಲಿ ಹಾಕಿ, ಒಳಗೆ ಕಾಲಿಡಲು ಪೂಜೆ ಮಾಡಿಸುವ ಅಯ್ಯನವರ ಹಾದಿ ಕಾಯುತ್ತ ನಿಂತರು. ಗೋಡೆಗಳು ಸದ್ದು ಮಾಡಿ ಬೀಳಲಿಲ್ಲ. ದಣಿದ ಮುದುಕಿ ಕುಳಿತಂತೆ, ಒಂದೊಂದಾಗಿ ಸುಮ್ಮನೆ ಕುಳಿತವು. ತೊಲೆಗಳು ಅವುಗಳ ಮೇಲೆ ಮಲಗಿದವು. ಒಳಗೆ ಯಾರೂ ಇರಲಿಲ್ಲವಾಗಿ ಜೀವ ಹೋಗಲಿಲ್ಲ. ರಂಗೋಲಿ ಮಾತ್ರ ಕೆಸರಿನಲ್ಲಿ ಕಲಸಿಹೋಯಿತು. ಬಾಳವ್ವ ಹೊಟ್ಟೆ ಹಿಡಿದುಕೊಂಡು, "ಅತ್ತೀ, ಅಂವ ಹೇಳಿದ್ನಲ್ಲ" ಎಂದಳಂತೆ. ಅಷ್ಟು ದಿನವೂ ಬಾಯಿ ಬಿಡದ ಸೊಸೆ ಆಡಿದ್ದು ಆ ಒಂದೇ ಮಾತು.

ಮುಗಿಲು ಮತ್ತೆ ಕಪ್ಪಾಗುತ್ತಿತ್ತು. ಯಾರನ್ನಾದರೂ ಕಳಿಸೋಣವೆಂದರೆ, ಹೋಗಿ ಏನು ಹೇಳುವುದು ಎಂದು ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ನೀಲಗಂಗವ್ವ ತಾನೇ ಸೆರಗು ಹೊದ್ದು ಹಳ್ಳ ದಾಟಿದಳು. ಊರು ಬಿಟ್ಟು ಹೋದವರ ದಿನ್ನೆಯನ್ನು ಅವಳು ಅದೇ ಮೊದಲು ಹತ್ತಿದ್ದು. ಬಾವಿಯ ಹತ್ತಿರ ಸಮುವೇಲಪ್ಪನ ಹೆಂಡತಿ ಮಾರ್ತವ್ವ ನೀರು ಸೇದುತ್ತಿದ್ದಳು. ಹೊಳೆಕುಂದೂರಿನ ಗೋಡೆಗಳ ಸುದ್ದಿ ಗೌಡತಿಗಿಂತ ಮೊದಲೇ ಬಂದು ತಲುಪಿತ್ತೆಂಬುದು ಮಾರ್ತವ್ವನ ಮುಖದಲ್ಲೇ ಕಾಣುತ್ತಿತ್ತು. ನೀಲಗಂಗವ್ವ ಕುಡಿಯಲು ನೀರು ಕೇಳಿದಳು, ಮಾತಿಗೆ ಸ್ವಲ್ಪ ಹೊತ್ತು ಸಿಗಲೆಂದು.

ಮಾರ್ತವ್ವ ಹಗ್ಗ ಹಿಡಿದೇ ಕೇಳಿದಳು: "ತಂಬಿಗಿ ಕೈಯಾಗ ಕೊಡಲ್ಯೋ, ಮ್ಯಾಲಿಂದ ಬೊಗಸಿಗೆ ಹಾಕಲ್ಯೋ?"

ಈ ಮಾತು ಕೇಳಿದವಳ ನೆನಪಿಗೆ ಏನು ಬಂತೆಂದು ಯಾರೂ ವಿವರಿಸುವುದಿಲ್ಲ. ಕೇಳುವವರಿಗೂ ವಿವರ ಬೇಕಾಗುವುದಿಲ್ಲ. ಊರ ಬಾವಿಯ ಕಟ್ಟೆಯಾಚೆ ಬೊಗಸೆ ಒಡ್ಡಿ ಗಂಟೆಗಟ್ಟಲೆ ಕಾಯುತ್ತಿದ್ದವರಲ್ಲಿ ಮಾರ್ತವ್ವನೂ ಒಬ್ಬಳಾಗಿದ್ದಳು. "ತಂಬಿಗಿ ಕೊಡು" ಎಂದಳು ನೀಲಗಂಗವ್ವ. ಕೊಟ್ಟಳು, ಕುಡಿದಳು. ಅಷ್ಟರಲ್ಲಿ ಸಮುವೇಲಪ್ಪ ಬಂದು ನಿಂತ. ನೀಲಗಂಗವ್ವ ದುರಗ್ಯಾ ಎಂದು ಬಾಯಿ ತೆರೆದು, ಅದನ್ನು ನುಂಗಿ, ಹೊಸ ಹೆಸರನ್ನು ನಾಲಿಗೆಯಲ್ಲಿ ಹುಡುಕಿ, ಸಾಮ್ಯಾಲಪ್ಪ ಎಂದೇನೋ ಅಂದಳು. ತಾನು ಬಂದ ಕಾರಣವನ್ನು ಹೇಳಲಿಲ್ಲ. ಅವನೂ ಕೇಳಲಿಲ್ಲ. ಸೊಸೆಗೆ ಎಷ್ಟು ದಿನ ಉಳಿದಿದೆ ಎಂದು ಮಾತ್ರ ಕೇಳಿ, ಸಲಿಕೆ ಹುಡುಕಲು ಒಳಗೆ ಹೋದ. ಬಿಡದವಳು ಮಾರ್ತವ್ವ. ಕೊಡವನ್ನು ಸೊಂಟಕ್ಕೇರಿಸುತ್ತ ಅಂದಳು: "ಈ ಸಲ ತೊಳಿಯೂದಕ್ಕ ಮೊದಲ ಒಂದು ಮಾತು ಹೇಳ್ರಿ ಅವ್ವಾರ. ಚಂದಂಗ ಒಣಗಿಸೇ ಕೊಡ್ತೀವಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬರುವುದಿಲ್ಲವೆಂದಿದ್ದರೆ ಶಪಿಸಿ ಹೋಗಬಹುದಿತ್ತು. ಇದಕ್ಕೆ ಏನು ಮಾಡುವುದು? ಹಳ್ಳ ದಾಟಿ ಬರುವಾಗ ನೀಲಗಂಗವ್ವ ದಿನ್ನೆಯವರ ಮುಂದೆ ನಡೆಯಲಾರದೆ ಹಿಂದೆ ಉಳಿದಳು ಎನ್ನುತ್ತಾರೆ.

ಕುಳಿತ ಗೋಡೆಗಳ ಮಣ್ಣನ್ನೇ ಮತ್ತೆ ತುಳಿದು ಕಟ್ಟಿದರು. ಬಾಳವ್ವ ಹೆರುವ ಹೊತ್ತಿಗೆ ತಲೆಯ ಮೇಲೆ ಮಾಳಿಗೆಯಿತ್ತು. ಈ ಸಲ ಯಾರೂ ಕೊಡ ಎತ್ತಲಿಲ್ಲ. ಹಾಗೆಂದು ಹೊಳೆಕುಂದೂರು ಅಂದೇ ತಿಳಿವಳಿಕೆ ಬಂದ ಊರಾಯಿತು ಎಂದರೆ ಸುಳ್ಳಾದೀತು. ಊರ ಬಾವಿಗೆ ದಿನ್ನೆಯವರ ಹಗ್ಗ ಇಳಿಯಲು ನೀಲಗಂಗವ್ವನ ಮೊಮ್ಮಗ ಮುದುಕನಾಗಬೇಕಾಯಿತು. ಅವಳು ಮಾಡಿದ್ದು ಇಷ್ಟೇ: ವಾಡೆಯ ಮುಂದಿನ ಗೋಡೆ ಕುಳಿತಲ್ಲಿ, ಕಟ್ಟಿ ಮಿಕ್ಕಿದ್ದ ಮಣ್ಣಿನ ಗುಡ್ಡೆಯನ್ನು ತೆಗೆಯಗೊಡಲಿಲ್ಲ. ಬಾಗಿಲಿಗೆ ಅಡ್ಡವಾಗುತ್ತದೆ ಎಂದರೆ, ಆಗಲಿ, ಬಳಸಿಕೊಂಡು ಹೋಗೋಣ ಎಂದಳು. ನೀರು ತರುವ ಹೆಣ್ಣುಮಕ್ಕಳಿಗೆ ಸಾಯುವವರೆಗೂ ಅವಳು ಹೇಳುತ್ತಿದ್ದುದು ಆ ಒಂದೇ ಮಾತು, ಸಮುವೇಲಪ್ಪ ಹೇಳಿದ್ದ ಮಾತು.

ವಾಡೆ ಈಗಿಲ್ಲ, ಅಲ್ಲಿ ಡಾಂಬರು ರಸ್ತೆಯಿದೆ. ರಸ್ತೆಯೂ ದಿಬ್ಬವನ್ನು ಬಳಸಿಯೇ ಹೋಗಿದೆ. ಮಳೆ ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ ದಿಬ್ಬ ವರ್ಷವರ್ಷ ಕರಗುತ್ತದೆ, ಮಳೆಗಾಲ ಮುಗಿದ ಮೇಲೆ ಯಾರೋ ಒಂದೆರಡು ಬುಟ್ಟಿ ಮಣ್ಣು ತಂದು ಸುರಿದಿರುತ್ತಾರೆ. ಊರವರೋ ದಿನ್ನೆಯವರೋ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಆದರೆ ಕೊಡದ ಬಾಯಿ ಮುಚ್ಚಿಕೊಂಡು ಬರುವ ಹೆಂಗಸನ್ನು ನಿಲ್ಲಿಸಿ, ಯಾಕವ್ವ ಹೀಗೆ ಎಂದು ಕೇಳಿ ನೋಡಿರಿ. ಅವಧೂತನ ಕತೆ ಹೇಳುವ ಪುರುಸೊತ್ತಿಲ್ಲದಿದ್ದರೆ ಅವಳು ನೆಲ ನೋಡುತ್ತ, "ತೊಳೀಬ್ಯಾಡ ಅಂದಿದ್ರು. ನಾವ ಕೇಳಲಿಲ್ಲ" ಎಂದು ಹೇಳಿ, ಅಂಗೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದು ನಡೆದುಬಿಡುತ್ತಾಳೆ.