ವಿಭೂತಿಯ ಮಗ ವಿಭೂತಿ

ಹುಚ್ಚ ಅಂತಲ್ಲ. ಮಂಕ? ಮಂಕನೂ ಅಲ್ಲ. ಮಬ್ಬ, ಮರುಳ, ಮೊದ್ದು... ಊಹೂಂ. 'ಮ'ದಿಂದಲೇ ಶುರುವಾಗುತ್ತಿತ್ತು ಆ ಮಾತು. ನಮ್ಮ ಕಡೆ ಬೈಯುವುದಕ್ಕೂ ಅದೇ, ಮುದ್ದು ಮಾಡುವುದಕ್ಕೂ ಅದೇ. ಈ ದೂರದ ಊರಿನಲ್ಲಿ ಅದನ್ನು ಆಡುವವರಿಲ್ಲ. ಕಿವಿಗೆ ಬೀಳದ ಮಾತು ಬಾಯಲ್ಲಿ ಎಲ್ಲಿ ಉಳಿದೀತು. ಇರಲಿ, ನೀನು ಬರೆದುಕೊಳ್ಳುತ್ತ ಹೋಗೇ ಕೂಸೇ, ಕತೆ ಹೇಳುತ್ತ ಹೋದರೆ ತಾನಾಗಿ ಬಂದೀತು.

ಅಳಗುಂಡಿಯಲ್ಲಿ ಶಾವಂತ್ರೆವ್ವ ಅಂತ ಒಬ್ಬ ತಾಯಿ. ಅವಳಿಗೆ ದುಂಡಪ್ಪ ಅಂತ ಒಬ್ಬನೇ ಮಗ. ಕೆಟ್ಟವನಲ್ಲ, ಮೈಗಳ್ಳನೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಅದೇ ಅವಳಿಗೆ ತಲೆನೋವು.

ಒಂದು ದಿನ ಒಲೆಯ ಮೇಲೆ ಹಾಲಿಟ್ಟು, "ಹಾಲು ಉಕ್ಕತೈತಿ, ನೋಡ್ತಿರು" ಅಂತ ಹೇಳಿ ಹಿತ್ತಲಿಗೆ ಹೋದಳು. ದುಂಡಪ್ಪ ನೋಡಿದ. ಹಾಲು ಉಕ್ಕಿತು, ಒಲೆ ಆರಿತು, ಬೂದಿ ತೊಯ್ದು ಹೋಯಿತು.

"ಹಾಲು ಏನಾತೋ" ಅಂತ ಹಿತ್ತಲಿಂದ ಕೂಗಿದಳು. ಉತ್ತರವಿಲ್ಲ. ಓಡಿ ಬಂದಳು.

"ನೋಡಿದ್ನೆವ್ವ. ಚೊಲೋ ಉಕ್ಕಿತು."

"ಕೂಗಿದಾಗ ಬಾಯಿಗೇನಾಗಿತ್ತು?"

"ನೋಡು ಅಂದಿದ್ದಿ. ಹೇಳು ಅಂದಿರಲಿಲ್ಲ."

ಶಾವಂತ್ರೆವ್ವ ಹಣೆ ಹಣೆ ಬಡಿದುಕೊಂಡಳು. "ಯಾರು ಏನ ಕೇಳಿದ್ರೂ ತಟ್ಟನ ಉತ್ತರಾ ಕೊಡಬೇಕೋ ತಮ್ಮಾ. ವಿಚಾರ ಮಾಡ್ಕೊಂತ ನಿಂದ್ರಬಾರದು."

ಆಗಲಿ ಅಂದ. ಆ ಬುದ್ಧಿಮಾತನ್ನು ಕಟ್ಟಿಕೊಂಡೇ ಶಹರದಲ್ಲಿ ಫೌಜಿಗೆ ಹುಡುಗರನ್ನು ಆರಿಸುವ ಕಡೆ ಹೋಗಿ ನಿಂತ. ಎತ್ತರ ಇತ್ತು, ಎದೆ ಇತ್ತು, ಆರಿಸಿದರು. ಕಾಗದ ಹಿಡಿದು ಕೂತವನಿಗೆ ಕನ್ನಡ ಬಾರದು, ದುಂಡಪ್ಪನಿಗೆ ಹಿಂದಿ ಬಾರದು.

"ನಾಮ್?" ಅಂದ ಅವನು.

ದುಂಡಪ್ಪ ತಟ್ಟನೆ ಹಣೆ ಮುಟ್ಟಿಕೊಂಡ. "ನಾಮ ಹಚ್ಚೂದಿಲ್ರಿ. ವಿಭೂತಿ."

ವಿಭೂತಿ ಅಂತ ಬರೆದುಕೊಂಡ.

"ಬಾಪ್ ಕಾ ನಾಮ್?"

"ಅಪ್ಪಂದೂ ವಿಭೂತಿ."

"ಮಾಂ ಕಾ ನಾಮ್?"

"ಅವ್ವಂದು ಕುಂಕುಮ."

"ಗಾಂವ್?"

ಗಾಯ ಎಲ್ಲಿದೆ ಅಂತ ಕೇಳುತ್ತಾನೆ ಅಂದುಕೊಂಡು ದುಂಡಪ್ಪ ಪಂಚೆ ಎತ್ತಿ ತೋರಿಸಿದ. "ಮೊಳಕಾಲ." ಆತ ಊರುಗಳ ಪಟ್ಟಿಯಲ್ಲಿ ಹುಡುಕಿ ಹುಡುಕಿ ಮೊಳಕಾಲ್ಮೂರು ಅಂತ ಬರೆದುಕೊಂಡ.

ಹೀಗೆ ಅಳಗುಂಡಿಯ ದುಂಡಪ್ಪ ಮೊಳಕಾಲ್ಮೂರಿನ ವಿಭೂತಿಯ ಮಗ ವಿಭೂತಿಯಾಗಿ ಫೌಜಿಗೆ ಹೋದ. ಅಲ್ಲಿ ಅವನನ್ನು ದಡ್ಡ ಅಂದವರಿಲ್ಲ. ನಿಲ್ಲು ಅಂದರೆ ನಿಂತ, ಮಲಗು ಅಂದರೆ ಕೆಸರಲ್ಲೂ ಮಲಗಿದ, ಕಾಯಿ ಅಂದರೆ ಹಿಮದಲ್ಲೂ ಕಾದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದೇ ಅಲ್ಲಿ ಜಾಣತನ. ಸಾಹೇಬರು "ವಿಭೂತಿ" ಅಂತ ಕರೆದರೆ, ಅಳಿಸಿದೆಯೇನೋ ಅಂತ ತಟ್ಟನೆ ಹಣೆಗೆ ಕೈ ಹಚ್ಚಿ ನೋಡಿಕೊಳ್ಳುತ್ತಿದ್ದ. ಎಂಥ ಸಲಾಮು ಹೊಡೀತಾನೆ ಅಂತ ಮೆಚ್ಚಿಕೊಂಡು ಎದೆಗೆ ಪದಕ ಹಚ್ಚಿದರು.

ರಜೆ ಕೊಟ್ಟಾಗಲೆಲ್ಲ ಮೊಳಕಾಲ್ಮೂರಿಗೇ ಚೀಟಿ ಬರೆದು ಕೊಡುತ್ತಿದ್ದರು. ಇವನು ತಪ್ಪದೆ ಮೊದಲು ಅಲ್ಲಿಗೆ ಹೋಗಿ, ಕೆರೆಯ ನೀರು ಕುಡಿದು, ಅಲ್ಲಿಂದ ಅಳಗುಂಡಿಯ ದಾರಿ ಹಿಡಿಯುತ್ತಿದ್ದ.

ಅವನಪ್ಪ ತೀರಿಕೊಂಡಾಗ ಊರವರು ದುಂಡಪ್ಪನ ಹೆಸರಿಗೆ ತಂತಿ ಕೊಟ್ಟರು. ದುಂಡಪ್ಪ ಅನ್ನುವವರು ಯಾರೂ ಇಲ್ಲ ಅಂತ ಅದು ತಿರುಗಿ ಬಂತು. ಮುಂದೆ ಯಾವಾಗಲೋ ರಜೆಗೆ ಬಂದವನು ಹೊಸ್ತಿಲಲ್ಲೇ ನಿಂತು ತಾಯಿಯ ಮುಖ ನೋಡಿದ.

"ಯವ್ವಾ, ಕುಂಕುಮಾ ಮರತೀಯೇನ?"

ಶಾವಂತ್ರೆವ್ವ ಆವತ್ತು ಬೈಯಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡಳು.

ಕಾಲ ಹೋಯಿತು. ದುಂಡಪ್ಪ ನೌಕರಿ ಮುಗಿಸಿ ಬಂದ. ಅಷ್ಟರಲ್ಲಿ ಶಾವಂತ್ರೆವ್ವನ ಎರಡೂ ಕಣ್ಣಿಗೆ ಪೊರೆ. ಮಗ ಬಂದ, ಮಗನ ಮುಖ ಕಾಣಲಿಲ್ಲ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಪೊರೆ ತೆಗೆಯುವವರು ಅಂದರೆ ಶಹರದ ಫೌಜಿನ ಆಸ್ಪತ್ರೆಯವರೇ. ಸಿಪಾಯಿಯ ತಾಯಿಯಾದರೆ ಮಾಡುತ್ತೇವೆ ಅಂದರು. ಆದರೆ ಅವರ ದಫ್ತರದಲ್ಲಿ ಶಾವಂತ್ರೆವ್ವನ ಹೆಸರೇ ಇಲ್ಲ. "ಮೊದಲು ಕಚೇರಿಗೆ ಹೋಗಿ ಹೆಸರು ತಿದ್ದಿಸಿಕೊಂಡು ಬಾ" ಅಂತ ಮಗನನ್ನು ತಿರುಗಿ ಕಳಿಸಿದರು.

ದುಂಡಪ್ಪ ಮಾಜಿ ಸೈನಿಕರ ಕಚೇರಿಗೆ ಹೋದ. ಅಲ್ಲಿಯ ಕಾರಕೂನ ಒಳ್ಳೆಯ ಮನುಷ್ಯ. ಕಾಗದ ಮುಂದಿಟ್ಟು, ಪೆನ್ನು ಕೊಟ್ಟು, "ತಪ್ಪು ಇದ್ದಲ್ಲಿ ತಿದ್ರಿ" ಅಂತ ಹೇಳಿ ಚಹಾ ಕುಡಿಯಲು ಹೋದ. ಬಂದು ನೋಡುತ್ತಾನೆ, ಇದ್ದ ಅಕ್ಷರಗಳ ಮೇಲೇ ಅಕ್ಷರ ಬರೆದು ಬರೆದು ವಿಭೂತಿ ಎಮ್ಮೆಯಷ್ಟು ಕಪ್ಪಗೆ, ಎಮ್ಮೆಯಷ್ಟು ದಪ್ಪಗೆ ಆಗಿದೆ.

"ಏನ್ರೀ ಇದು?"

"ತಿದ್ದೇನ್ರಿ. ಸಾಲ್ಯಾಗ ಮಾಸ್ತರು ಹಿಂಗs ತಿದ್ದಸ್ತಿದ್ರು."

ಮನೆಗೆ ಬಂದು ಹೇಳಿದರೆ ಶಾವಂತ್ರೆವ್ವ ಗೋಡೆಗೆ ಒರಗಿ ಕೂತುಬಿಟ್ಟಳು. "ಅಕ್ಷರಾ ತಿದ್ದೂದಲ್ಲೋ. ತಪ್ಪು ಹೆಸರು ಕಂಡಲ್ಲಿ ಹೊಡದು ಹಾಕಬೇಕು."

ಆಗಲಿ ಅಂದ. ಮರುದಿನ ಅಪ್ಪನ ಬಾರಕೋಲು ಹೆಗಲಿಗೆ ಹಾಕಿಕೊಂಡು ಹೋದ. ಕಾರಕೂನ ಕಾಗದ ತೆಗೆದಿಟ್ಟದ್ದೇ ತಡ, ಬೀಸಿ ಒಂದು ಬಾರಿಸಿದ. ಧೂಳೆದ್ದಿತು. ಇನ್ನೊಂದು ಬಾರಿಸಿದ. ಕಾರಕೂನ ಕುರ್ಚಿ ಹತ್ತಿ ನಿಂತ.

"ಯಾಕ ಮಾರಾಯ, ನಾ ಏನ ಮಾಡೇನಿ ನಿನಗ?"

"ನಿಮಗಲ್ರಿ. ತಪ್ಪು ಹೆಸರು ಹೊಡದು ಹಾಕಾಕ ಹತ್ತೇನಿ. ಇನ್ನೂ ಜೀವ ಐತಿ ಅನಸ್ತೈತಿ."

ಕಾರಕೂನ ನಕ್ಕನೋ ಅತ್ತನೋ, ಅಂತೂ ಕೆಳಗಿಳಿದ. "ಹೊಡಿಯೂದು ಬಿಡೂದು ನಮ್ಮ ಕೆಲಸ. ಈ ಕಾಗದ ತಗೊಂಡು ಹೋಗ್ರಿ, ನಿಮ್ಮ ತಾಯಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರ್ರಿ. ಮುಗೀತು."

ದುಂಡಪ್ಪ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದ. ತಾಯಿಯ ಪಕ್ಕ ಕೂತು ಅವಳ ಕೈ ತೆಗೆದುಕೊಂಡು ಹೆಬ್ಬೆಟ್ಟು ಒತ್ತತೊಡಗಿದ. ಮೆಲ್ಲಗೆ, ಬುಡದಿಂದ ತುದಿಯವರೆಗೆ. ಒಂದು ಕೈ ಆಯಿತು, ಇನ್ನೊಂದು ಕೈ ಹಿಡಿದ. ಕಳೆ ಕಿತ್ತು, ಬೀಸುವ ಕಲ್ಲು ತಿರುಗಿಸಿ ಸೆಟೆದ ಕೈ ಅದು. ಶಾವಂತ್ರೆವ್ವನಿಗೆ ಜೀವಕ್ಕೆ ಹಾಯ್ ಅನ್ನಿಸಿತು. ದೇಶ ಸುತ್ತಿ ಬಂದ ಮಗನಿಗೆ ಕಡೆಗೂ ತಿಳಿವಳಿಕೆ ಬಂತು ಅಂದುಕೊಂಡು ಕೂತಲ್ಲೇ ತೂಕಡಿಸಿದಳು.

ಮರುದಿನ ಖಾಲಿ ಕಾಗದ ನೋಡಿ ಕಾರಕೂನ, "ಹೆಬ್ಬೆಟ್ಟು ಎಲ್ಲೈತ್ರೀ?" ಅಂದ.

"ಒತ್ತೇನ್ರಿ. ಎರಡೂ ಕೈದು. ನಮ್ಮವ್ವಗ ನಿದ್ದಿ ಬಂತು."

ಈ ಸುದ್ದಿ ಕೇಳಿದ ಶಾವಂತ್ರೆವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು. "ನಾನs ಬರ್ತೇನಿ ನಡಿ. ಸ್ವಂತ ಬುದ್ಧಿಯಿಂದ ಒಂದಕ್ಷರಾನೂ ಬರೀಬ್ಯಾಡ. ನನ್ನ ಬಾಯಾಗ ಏನ ಬರತೈತಿ ಅದನ್ನs ಬರಿ."

ಆಗಲಿ ಅಂದ.

ತಾಯಿ ಮಗನ ಭುಜ ಹಿಡಿದು ಕಚೇರಿಗೆ ಬಂದಳು. ಕಾರಕೂನ ಕುರ್ಚಿ ಎಳೆದು ಕೂಡಿಸಿ, ದಫ್ತರದಲ್ಲಿ ಇದ್ದದ್ದನ್ನು ಓದಿ ಹೇಳಿದ. "ಹೆಸರು ವಿಭೂತಿ. ತಂದೆ ವಿಭೂತಿ. ತಾಯಿ ಕುಂಕುಮ."

ಶಾವಂತ್ರೆವ್ವ ಇದನ್ನು ಕೇಳಿದ್ದು ಅದೇ ಮೊದಲು. ಕೈ ಬರಿಯ ಹಣೆಗೆ ಹೋಗಿ ಇಳಿಯಿತು.

"ಇಷ್ಟು ವರ್ಷ ಅಲ್ಲಿ ಹಂಗs ಇತ್ತೇನ್ರಿ, ಕುಂಕುಮಾ?"

"ಹೂಂನವ್ವಾ."

"ಇನ್ನ ಅದನ್ನೂ ಅಳಸ್ತೀರಿ."

"ಅಳಸದಿದ್ರ ಕಣ್ಣು ಬರೂದಿಲ್ಲವ್ವಾ."

ಮಗನ ಮುಖ ಇರುವ ಕಡೆಗೆ ತಿರುಗಿದಳು. ಮಂಜಿನ ಹಾಗೆ ಏನೋ ಒಂದು ಬಿಳುಪು. "ಅಳಸ್ರಿ" ಅಂದಳು.

ಸಿಪಾಯಿಯ ಕೈಯಲ್ಲೇ ಬರೆಸಬೇಕು ಅಂತ ಕಾನೂನು. ಕಾರಕೂನ ಕೇಳುತ್ತ ಹೋದ, ದುಂಡಪ್ಪ ಪೆನ್ನು ಹಿಡಿದ.

"ತಾಯಿ ಹೆಸರು?"

"ಶಾವಂತ್ರೆವ್ವ." ಬರೆದ.

"ಊರು?"

"ಅಳಗುಂಡಿ." ಬರೆದ.

"ತಂದೆ ಹೆಸರು?"

"ಅಯ್ಯ, ಅವರ ಹೆಸರು ನಾ ಹೆಂಗ ಹೇಳ್ಲಿ."

ಬರೆದ. ಕಾರಕೂನ ಬಗ್ಗಿ ನೋಡಿ, "ತಂದೆಯ ಹೆಸರು, ಅಯ್ಯ ಅವರ ಹೆಸರು ನಾ ಹೆಂಗ ಹೇಳ್ಲಿ" ಅಂತ ಓದಿದವನೇ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದ. ಹೇಗೋ ಸುಧಾರಿಸಿಕೊಂಡು, ಮಗನನ್ನೇ ಕೇಳಿ ಅಡಿವೆಪ್ಪ ಅಂತ ತಾನೇ ಬರೆದ. ಮತ್ತೆ ನಗು. ಶಾವಂತ್ರೆವ್ವನಿಗೂ ನಗು ಬಂತು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ.

"ಕಡೀದು, ಇವರ ಹೆಸರವ್ವಾ?" ಅಂದ ಕಾರಕೂನ ಕಣ್ಣೊರೆಸಿಕೊಳ್ಳುತ್ತ.

ನಗುವಿನ ನಡುವೆ ಅವಳಿಗೆ ಮಾತೇ ಹೊರಡದು. ಮಗನ ಬೆನ್ನ ಮೇಲೆ ಕೈಯಾಡಿಸುತ್ತ, "ನನ್ನ ಮಳ್ಳ" ಅಂದಳು, "ನನ್ನ ಮಳ್ಳ."

ದುಂಡಪ್ಪ ಬರೆದ. ನೀರು ತುಂಬಿದ ಕಣ್ಣಿನ ಕಾರಕೂನ ನೋಡದೆ ಠಸ್ಸೆ ಒತ್ತಿದ.

ಕಾಗದ ದೂರದ ದೊಡ್ಡ ದಫ್ತರಕ್ಕೆ ಹೋಯಿತು. 'ಳ' ಅನ್ನಲು ಬಾರದ ಅಲ್ಲಿಯವರು ಅದು ಯಾವುದೋ ರಾಜವಂಶದ ಹೆಸರು ಅಂದುಕೊಂಡು ಚೆಂದಾಗಿ ಬರೆದು ಕಳಿಸಿದರು. ನನ್ನಮಲ್ಲ, ತಂದೆ ಅಡಿವೆಪ್ಪ, ತಾಯಿ ಶಾವಂತ್ರೆವ್ವ, ಊರು ಅಳಗುಂಡಿ. ಕಾರಕೂನ ಹೌಹಾರಿದ. "ಇನ್ನೊಂದು ಅರ್ಜಿ ಕೊಡ್ರವ್ವಾ, ತಿದ್ದಸೋಣ."

"ಬ್ಯಾಡ್ರಿ" ಅಂದಳು ಶಾವಂತ್ರೆವ್ವ. "ಅದೇನ ತಪ್ಪಿಲ್ಲ."

ಆಸ್ಪತ್ರೆಯಲ್ಲಿ "ನನ್ನಮಲ್ಲನ ತಾಯಿ" ಅಂತ ಕೂಗಿದರು. ಎದ್ದು ಹೋದಳು. ಪೊರೆ ತೆಗೆದರು, ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚುವ ದಿನ ಮಗನಿಗೆ ಹೇಳಿದಳು. "ನೋಡು, ಬಿಚ್ಚಿದ ಕೂಡಲೇ ಮೊದಲ ನೀನs ನನ್ನ ಕಣ್ಣಿಗೆ ಬೀಳಬೇಕು."

ಆಗಲಿ ಅಂದ.

ಡಾಕ್ಟರು ಪಟ್ಟಿ ಬಿಚ್ಚಿದರು. ಶಾವಂತ್ರೆವ್ವ ಕಣ್ಣು ತೆರೆದಳು. ಗೋಡೆ ಕಂಡಿತು. ಕಿಟಕಿ ಕಂಡಿತು. ಕಿಟಕಿಯಾಚೆ ಬೇವಿನ ಗಿಡದ ಎಲೆ ಎಲೆಯೂ ಕಂಡಿತು. ಮಗ ಕಾಣಲಿಲ್ಲ.

"ಎಲ್ಲದಾನ ನನ್ನ ಮಳ್ಳ?"

"ಇಲ್ಲೇ ಅದೇನವ್ವ" ಅಂತ ಮಂಚದ ಕೆಳಗಿನಿಂದ ದನಿ ಬಂತು. "ಬಿದ್ದೇನಿ."

ಬಗ್ಗಿ ನೋಡಿದಳು. ಎದೆಯ ಮೇಲೆ ಪದಕ, ಕಿವಿಯ ಹತ್ತಿರ ನರೆತ ಕೂದಲು, ಹಣೆಯ ತುಂಬ ವಿಭೂತಿ. ಅಪ್ಪನದೇ ಮುಖ ಹೊತ್ತುಕೊಂಡು ನೆಲದ ಮೇಲೆ ಅಂಗಾತ ಬಿದ್ದಿದ್ದಾನೆ, ಕಣ್ಣು ಪಿಳಿಪಿಳಿ ಬಿಡುತ್ತ.

ಹಾಂ, ಮಳ್ಳ. ಅದೇ ಆ ಮಾತು. ಬರೆದುಕೊಳ್ಳೇ ಕೂಸೇ, ನಾನು ಮತ್ತೆ ಮರೆಯುವ ಮೊದಲು. ಮಲ್ಲ ಅಲ್ಲ, ಮಳ್ಳ. ಬೇರೆ ಏನು ತಪ್ಪಿದ್ದರೂ ತಿದ್ದು, ಅದೊಂದನ್ನು ಮಾತ್ರ ಹೇಳಿದ ಹಾಗೇ ಬರೆ.